ಮಗ್ಗದ ಸದ್ದಿನೊಳಗಿನ ಮಾತು

ಹೊರದೇಶದ ಪತ್ರಕರ್ತರು ಕೊಯಮತ್ತೂರು ಕಡೆಗೆ ಬಂದರೆ ಅವರ ಜೊತೆ ಸುತ್ತುವ ಕೆಲಸ ನನ್ನದು. ಅವರ ಪ್ರಶ್ನೆಯನ್ನು ತಮಿಳಿಗೆ ತರಬೇಕು, ಉತ್ತರವನ್ನು ಇಂಗ್ಲಿಷಿಗೆ ಒಯ್ಯಬೇಕು, ಯಾವ ಗೇಟಿನ ಕಾವಲುಗಾರನ ಹತ್ತಿರ ನಗಬೇಕು ಯಾವನ ಹತ್ತಿರ ನಗಬಾರದು ಎಂದು ಹೇಳಿಕೊಡಬೇಕು, ಮಧ್ಯಾಹ್ನ ಖಾರ ಕಡಿಮೆಯಿರುವ ಊಟ ಹುಡುಕಬೇಕು. ನಾನೂ ತಮಿಳು ದಿನಪತ್ರಿಕೆಯಲ್ಲಿ ವರ್ಷಗಟ್ಟಲೆ ವರದಿ ಬರೆದವಳೇ. ಆದರೆ ಈ ಕೆಲಸದಲ್ಲಿ ನನ್ನ ಹೆಸರು ಎಲ್ಲಿಯೂ ಬರುವುದಿಲ್ಲ. ಅದರ ಬಗ್ಗೆ ಕೊರಗಿಲ್ಲ ಎಂದರೆ ಸುಳ್ಳಾದೀತು. ಒಂದು ಹೆಮ್ಮೆ ಮಾತ್ರ ಇತ್ತು: ನನ್ನೆದುರು ಯಾರು ಏನು ಆಡಿದರೂ ಇದ್ದದ್ದು ಇದ್ದ ಹಾಗೆ ಭಾಷಾಂತರಿಸುತ್ತೇನೆ, ಬೈಗುಳವಾದರೂ ಬಿಡುವುದಿಲ್ಲ.

ಈ ಸಲ ಬಂದವರು ಐವತ್ತು ದಾಟಿದ ಹೆಂಗಸು. ಕ್ಯಾಮೆರಾ ಹೊರುವುದೂ ಅವರೇ, ಪ್ರಶ್ನೆ ಕೇಳುವುದೂ ಅವರೇ, ಕೂತು ಚಿತ್ರ ಕತ್ತರಿಸಿ ಜೋಡಿಸುವುದೂ ಅವರೇ. ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳುವ ಚಾಳಿ. ಮೊದಲನೆಯ ಸಲ ಜನ ಮರ್ಯಾದೆಗೆ ಉತ್ತರ ಕೊಡುತ್ತಾರೆ, ಎರಡನೆಯ ಸಲ ಬೇಸರಕ್ಕೆ, ಮೂರನೆಯ ಸಲ ನಿಜ ಹೇಳುತ್ತಾರೆ ಎಂಬುದು ಅವರ ಲೆಕ್ಕ. ಅವರ ದೇಶದ ಸರ್ಕಾರ ನಮ್ಮ ಬಟ್ಟೆಯ ಮೇಲೆ ಸುಂಕ ಏರಿಸಿತ್ತು. ಅಲ್ಲಿ ಕುಳಿತು ಯಾರೋ ಹಾಕಿದ ಸಹಿಗೆ ಇಲ್ಲಿ ಏನಾಗುತ್ತದೆ ಎಂದು ತಮ್ಮ ಜನರಿಗೆ ತೋರಿಸಬೇಕೆಂದು ಬಂದಿದ್ದರು. ವಿಮಾನ ಇಳಿದ ಕೂಡಲೇ ನನಗೆ ಹೇಳಿದ್ದು ಒಂದೇ ಮಾತು: ‘ನಿಂತುಹೋದ ಯಂತ್ರ ಬೇಕು. ಅದರ ಮುಂದೆ ನಿಂತು ಮಾತಾಡುವ ಮನುಷ್ಯ ಬೇಕು.’

ತಿರುಪ್ಪೂರಿನಲ್ಲಿ ಅದೇನು ಕಷ್ಟ ಎಂದುಕೊಂಡಿದ್ದೆ. ಎಲ್ಲರ ಬಾಯಲ್ಲೂ ಅದೇ ಸುದ್ದಿ, ಬಸ್ ಸ್ಟ್ಯಾಂಡಿನಲ್ಲಿ, ಪೆಟ್ರೋಲ್ ಬಂಕಿನಲ್ಲಿ. ಆದರೆ ಕ್ಯಾಮೆರಾ ತೆಗೆದ ಕೂಡಲೇ ಊರಿಗೆ ಊರೇ ಮೂಗನಾಗುತ್ತಿತ್ತು. ಹೊಲಿಗೆ ಘಟಕಗಳ ಮ್ಯಾನೇಜರುಗಳು ತಣ್ಣನೆಯ ಎಸಿ ಕೋಣೆಯಲ್ಲಿ ಕೂರಿಸಿ, ಬಿಸ್ಕತ್ತು ಕೊಟ್ಟು, ‘ನಮ್ಮಲ್ಲಿ ಎಲ್ಲ ಚೆನ್ನಾಗಿದೆ ಮೇಡಂ’ ಎಂದು ಕಳಿಸಿದರು. ಖರೀದಿದಾರನ ಕಿವಿಗೆ ಬಿದ್ದರೆ ಉಳಿದ ಆರ್ಡರೂ ಹೋದೀತೆಂಬ ಭಯ. ಉತ್ತರದ ಕಡೆಯಿಂದ ಬಂದ ಕೆಲಸಗಾರರು ಗೋಣಿಚೀಲ, ಪ್ಲಾಸ್ಟಿಕ್ ಬಕೆಟ್ಟು ಹಿಡಿದು ರೈಲ್ವೆ ನಿಲ್ದಾಣದಲ್ಲಿ ಕೂತಿದ್ದರು. ‘ಯಾಕೆ ಹೋಗುತ್ತಿದ್ದೀರಿ?’ ಎಂದರೆ ‘ಹಬ್ಬಕ್ಕೆ’ ಎಂದರು. ಮೂರು ಸಲ ಕೇಳಿದರೂ ಹಬ್ಬಕ್ಕೆ. ಅನ್ನೂರಿನ ಒಂದು ಸಣ್ಣ ನೂಲಿನ ಗಿರಣಿಗೆ ಹೋದೆವು. ಅಲ್ಲಿ ಗೇಟೇ ತೆರೆಯಲಿಲ್ಲ. ಟೌನ್ ಬಸ್ಸಿಗೆ ಕಾಯುತ್ತಾ ಪತ್ರಕರ್ತೆ ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ಶೂ ಬಿಚ್ಚಿ ಮರಳು ಕೊಡವಿದರು, ನಾನು ಆ ಗಿರಣಿಯವನನ್ನು ಕನ್ನಡ, ತಮಿಳು ಎರಡರಲ್ಲೂ ಮನಸಾರೆ ಬೈದುಕೊಂಡೆ.

ತಿರುಪ್ಪೂರಿನ ಒಬ್ಬ ಟೀ ಅಂಗಡಿಯವನು ಮಾತ್ರ ಬಾಯಿ ಬಿಟ್ಟ. ಅವನ ಅಂಗಡಿಯ ಮುಂದೆ ಶಿಫ್ಟು ಮುಗಿಸಿ ಬರುವವರ ಬೈಕುಗಳು ಸಾಲಾಗಿ ನಿಲ್ಲುತ್ತಿದ್ದ ಜಾಗ ಈಗ ಖಾಲಿ. ‘ಈಯಮ್ಮ ಆ ದೇಶದವರಾ?’ ಎಂದು ಕೇಳಿ, ಒಂದು ಗಳಿಗೆ ಅವರ ಮುಖ ನೋಡಿ, ಟೀ ಎತ್ತಿ ಹೊಯ್ದು ಲೋಟ ಕೈಗಿಟ್ಟ. ‘ನಮ್ಮ ಟೀಗೆ ಸುಂಕ ಹಾಕಲ್ಲ, ಧೈರ್ಯವಾಗಿ ಕುಡಿಯೋಕೆ ಹೇಳಿ.’ ನಾನು ಹಾಗೆಯೇ ಭಾಷಾಂತರಿಸಿದೆ. ಪತ್ರಕರ್ತೆ ನಕ್ಕರು. ಆಮೇಲೆ ಮುಖ ಕೆಂಪಾಗಿ, ‘ನಾನು ಮತ ಹಾಕಿದ್ದು ಬೇರೆಯವರಿಗೆ ಎಂದು ಹೇಳು’ ಎಂದರು. ಹೇಳಿದೆ. ಅವನು ಲೋಟ ತೊಳೆಯುತ್ತಲೇ, ‘ಅದನ್ನ ಎಲ್ಲ ಊರಲ್ಲೂ ಎಲ್ಲರೂ ಹೇಳ್ತಾರೆ. ಹಾಗಾದರೆ ಗೆದ್ದೋರಿಗೆ ಹಾಕಿದವರು ಯಾರು?’ ಎಂದ. ಅದನ್ನೂ ಹೇಳಿದೆ.

ಬೇರೆ ದಾರಿ ಕಾಣದೆ ಕೊನೆಗೆ ನನ್ನ ಊರಿಗೇ ಫೋನ್ ಹಚ್ಚಿದೆ. ನಮ್ಮದು ಕರುಮತ್ತಂಪಟ್ಟಿ, ನೇಕಾರರ ಊರು. ಎಷ್ಟೋ ತಲೆಮಾರಿನ ಹಿಂದೆ ಕನ್ನಡ ನಾಡಿನಿಂದ ಇಳಿದುಬಂದ ಮನೆತನಗಳು ನಮ್ಮವು. ಬೀದಿಯಲ್ಲಿ ತಮಿಳು, ಒಲೆಯ ಮುಂದೆ ಕನ್ನಡ. ದೂರದ ನಂಟಿನಲ್ಲಿ ನನಗೆ ಮಾವನಾಗಬೇಕಾದವರ ಪವರ್‌ಲೂಮ್ ಶೆಡ್ಡಿದೆ. ಅವರ ಬಟ್ಟೆ ಹಾಸಿಗೆ ಹೊದಿಕೆಯಾಗಿ ಹಡಗು ಹತ್ತುತ್ತದೆ. ಕೆಲವು ವಾರದಿಂದ ಮಗ್ಗ ನಿಂತಿವೆ ಎಂದು ಅಮ್ಮ ಹೇಳಿದ್ದರು. ‘ಮಾವ, ಹೊರದೇಶದೋರು ಒಬ್ಬರು ನಿಂತಿರೋ ತರಿ ನೋಡಬೇಕಂತೆ’ ಎಂದೆ. ನಮ್ಮ ಕಡೆ ಮಗ್ಗಕ್ಕೆ ತರಿ ಎಂದೇ ಹೇಳುವುದು. ‘ಕರ್ಕೊಂಡು ಬಾ ಅಮ್ಮಿಣಿ, ನಮ್ಮ ಮನೆಗೆ ಬರಬೇಡ ಅಂತೀನಾ?’ ಎಂದರು ಮಾವ. ಮನೆಯ ಹೆಣ್ಣುಮಕ್ಕಳೆಲ್ಲ ಅವರಿಗೆ ಅಮ್ಮಿಣಿಯೇ.

ಮಾರನೆಯ ಬೆಳಿಗ್ಗೆ ಬೀದಿಯ ತಿರುವಿನಲ್ಲಿ ಕಾರಿನಿಂದ ಇಳಿಯುವಾಗಲೇ ಏನೋ ಎಡವಟ್ಟಾಗಿದೆ ಎಂದು ಗೊತ್ತಾಯಿತು. ಟಕಟಕ ಟಕಟಕ ಸದ್ದು ಬೀದಿಗೆಲ್ಲ ಕೇಳುತ್ತಿತ್ತು. ಶೆಡ್ಡಿನೊಳಗೆ ಎರಡು ಸಾಲು ಮಗ್ಗಗಳೂ ಓಡುತ್ತಿವೆ. ಒಂದೊಂದಕ್ಕೂ ಕುಂಕುಮ, ಮಲ್ಲಿಗೆ ಹೂ. ಕೆಲಸದವರೆಲ್ಲ ತಲೆಗೆ ಸ್ನಾನ ಮಾಡಿ, ಒಳ್ಳೆಯ ಬಟ್ಟೆ ಉಟ್ಟು, ಮದುವೆಮನೆಗೆ ಬಂದವರಂತೆ ನಿಂತಿದ್ದಾರೆ. ಮಾವ ಬಿಳಿ ಪಂಚೆಯಲ್ಲಿ ಕೈಮುಗಿದು ಬಾಗಿಲಿಗೆ ಬಂದರು.

ಅವರನ್ನು ಪಕ್ಕಕ್ಕೆ ಎಳೆದು ಕೇಳಿದೆ. ‘ಏನ್ ಮಾವ ಇದು? ನಿಂತ ತರಿ ತಾನೇ ನಾನು ಕೇಳಿದ್ದು?’

ಮಾವನಿಗೆ ನಿಜವಾಗಿಯೂ ನೋವಾಯಿತು. ‘ಅಲ್ಲ ಅಮ್ಮಿಣಿ, ಅಷ್ಟು ದೂರದಿಂದ ಬಂದೋರಿಗೆ ನಿಂತ ತರಿ ತೋರ್ಸಾದಾ? ಸಾವಿನ ಮನೇನಾ ಇದು? ನಿಮ್ಮಜ್ಜಿ ಇದ್ದಿದ್ರೆ ಒಪ್ಪುತ್ತಿದ್ರಾ?’

ಒಪ್ಪುತ್ತಿರಲಿಲ್ಲ, ಅದು ನಿಜ. ಬಾಗಿಲಿಗೆ ಬಂಧು ಬಂದಾಗ ಮಗ್ಗ ಸುಮ್ಮನಿರಬಾರದು ಎಂದು ಅಜ್ಜಿ ಖಾಲಿ ಮಗ್ಗದಲ್ಲೂ ಲಾಳಿ ಆಡಿಸುತ್ತಿದ್ದರು. ಹಾಗಾಗಿ ಮಾವ ಮೂಲೆಯಲ್ಲಿದ್ದ ಹಳೆಯ ನೂಲುಗಳನ್ನೆಲ್ಲ ತೆಗೆಸಿ ಹಾಕಿಸಿದ್ದರು. ಒಂದು ಮಗ್ಗದಲ್ಲಿ ಹಾಸಿನ ಉದ್ದೆಳೆ ಅಚ್ಚ ಬಿಳಿ, ಹೊಕ್ಕಿನ ಅಡ್ಡೆಳೆ ಕೆನೆ ಬಣ್ಣ. ಮತ್ತೊಂದರಲ್ಲಿ ಅರ್ಧಕ್ಕೇ ನೂಲಿನ ದಪ್ಪ ಬದಲಾಗಿತ್ತು. ಯಾವ ಊರಲ್ಲೂ ಯಾರೂ ಕೊಳ್ಳದ ಬಟ್ಟೆಯನ್ನು ಶೆಡ್ಡಿಗೆ ಶೆಡ್ಡೇ ಸಂಭ್ರಮದಿಂದ ನೇಯುತ್ತಿತ್ತು.

‘ನಿಂತಿವೆ ಎಂದಿದ್ದೆಯಲ್ಲ?’ ಎಂದರು ಪತ್ರಕರ್ತೆ. ‘ನಿಂತಿದ್ದವು. ನಿಮಗಾಗಿ ಎದ್ದಿವೆ’ ಎಂದೆ. ಅವರಿಗೆ ಅರ್ಥವಾಗಲಿಲ್ಲ. ಬಂದದ್ದಕ್ಕೆ ಇರಲಿ ಎಂದು ಕ್ಯಾಮೆರಾ ತೆಗೆದರು.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಓಡುವ ಶೆಡ್ಡಿನಲ್ಲಿ ಕಿವಿಗೆ ಕೆಲಸವಿಲ್ಲ. ಪಕ್ಕದಲ್ಲಿ ನಿಂತು ಕೂಗಿದರೂ ಕೇಳಿಸದು. ಅದಕ್ಕೇ ಮಗ್ಗದವರು ಕೂಗುವುದೇ ಇಲ್ಲ. ಧ್ವನಿಯಿಲ್ಲದೆ ತುಟಿಯಾಡಿಸುತ್ತಾರೆ, ಎದುರಿನವರು ತುಟಿ ನೋಡಿಯೇ ತಿಳಿಯುತ್ತಾರೆ. ಹುಬ್ಬು, ಬೆರಳು ಜೊತೆಗೆ ಒಂದಿಷ್ಟು ಸಹಾಯ ಮಾಡುತ್ತವೆ. ಶೆಡ್ಡಿನ ಆ ತುದಿಯಿಂದ ಈ ತುದಿಗೆ ನಾದಿನಿಯ ಮೇಲೆ ಚಾಡಿ, ರಾತ್ರಿಯ ಸಾರು, ಮಗಳ ಪರೀಕ್ಷೆ ಎಲ್ಲವೂ ಹೀಗೆಯೇ ದಾಟುತ್ತವೆ. ನಾನು ಹುಟ್ಟಿದ್ದೇ ಮಗ್ಗದ ಮನೆಯಲ್ಲಿ. ಮಾತು ಕಲಿಯುವ ಮೊದಲೇ ತುಟಿ ಓದಲು ಕಲಿತೆ ಎಂದು ಅಮ್ಮ ಹೇಳುತ್ತಾರೆ. ಕನ್ನಡ ಅಕ್ಷರ ಕಲಿತದ್ದು ಆಮೇಲೆ, ಮದುವೆಯಾಗಿ ಕೆಲವು ವರ್ಷ ಮೈಸೂರಿನಲ್ಲಿದ್ದಾಗ. ನಮ್ಮೂರಿನಲ್ಲಿ ಕನ್ನಡದ ತುಟಿಯನ್ನು ಎಲ್ಲರೂ ಓದಬಲ್ಲರು, ಕನ್ನಡದ ಪುಸ್ತಕವನ್ನು ಯಾರೂ ಓದಲಾರರು. ಆ ಧೈರ್ಯದಿಂದಲೇ ಇದನ್ನು ಬರೆಯುತ್ತಿದ್ದೇನೆ.

ಮಾವ ನಮಗೆ ಬೆನ್ನು ಹಾಕಿ, ತಮ್ಮ ಗಾಜಿನ ಕೋಣೆಯ ಮುಂದಿನ ಮೇಜಿನ ಮೇಲೆ ಟೀ ಲೋಟ ಜೋಡಿಸುತ್ತಿದ್ದರು. ಪತ್ರಕರ್ತೆ ನನ್ನ ಹಿಂದೆ ನಿಂತು ಚಿತ್ರ ತೆಗೆಯುತ್ತಿದ್ದರು. ಎದುರಿನ ಮಗ್ಗದಲ್ಲಿ ಒಬ್ಬರು ಅಕ್ಕ, ನನಗಿಂತ ಹತ್ತು ವರ್ಷ ದೊಡ್ಡವರು. ನಮ್ಮ ಪೈಕಿಯೇ, ಕನ್ನಡದವರೇ. ಶೆಡ್ಡಿನ ಕಾಂಪೌಂಡಿನೊಳಗೆ ಮಾವ ಕೊಟ್ಟ ಒಂದು ಕೋಣೆಯಲ್ಲಿ ಮಂಡಿ ನೋವಿನ ಗಂಡನ ಜೊತೆ ಇದ್ದಾರೆ. ಕೆಲಸ, ಮನೆ ಎರಡೂ ಆ ಒಂದೇ ಗೋಡೆಯೊಳಗೆ. ಹರಿದ ನೂಲೊಂದನ್ನು ಗಂಟು ಹಾಕಿ ಅಕ್ಕ ತಲೆಯೆತ್ತಿದರು. ನೇರ ನನ್ನನ್ನೇ ನೋಡಿ ತುಟಿಯಾಡಿಸಿದರು.

‘ಇವೆಲ್ಲ ನಿಮಗೋಸ್ಕರ ಓಡ್ತಾವೆ ಕಣ್ಣು. ನಾಳೆ ನಿಂತೋಗ್ತವೆ.’

ಚಿಕ್ಕವರನ್ನು ಮುದ್ದಿಗೆ ‘ಕಣ್ಣು’ ಎನ್ನುವುದು ನಮ್ಮ ಕಡೆಯ ರೂಢಿ. ನಾನು ಹುಬ್ಬೇರಿಸಿದೆ.

‘ಆಯುಧಪೂಜೆ ಆದ್ಮೇಲೆ ಮಾರ್ತಾರೆ. ಗುಜರಿಗೆ. ನಮಗ್ಯಾರಿಗೂ ಹೇಳಿಲ್ಲ.’

ಅಷ್ಟು ಹೇಳಿ ಮತ್ತೆ ನೂಲಿಗೆ ಬಾಗಿದರು. ಆಮೇಲೆ ಮಾವ ಟೀ ತಂದರು. ಕ್ಯಾಮೆರಾ ಮುಂದೆ ನಿಂತು, ‘ಎಷ್ಟು ಸುಂಕ ಹಾಕಿದ್ರೂ ಹಾಕ್ಲಿ, ಒಂದು ತರೀನೂ ನಿಲ್ಲಲ್ಲ ಇಲ್ಲಿ’ ಎಂದು ತಮಿಳಿನಲ್ಲಿ ಎದೆಯುಬ್ಬಿಸಿ ಹೇಳಿದರು. ನಾನು ಇದ್ದದ್ದು ಇದ್ದ ಹಾಗೆ ಭಾಷಾಂತರಿಸಿದೆ.

ಸಂಜೆ ಅಕ್ಕನನ್ನು ಸಂತೆಯ ಹತ್ತಿರ ಹಿಡಿದೆ. ಮುಖ ತೋರಿಸುವುದಿಲ್ಲ, ಧ್ವನಿ ಬದಲಿಸುತ್ತೇವೆ, ಮಾತಾಡುತ್ತೀರಾ ಎಂದೆ. ತರಕಾರಿ ಚೀಲ ಕೈ ಬದಲಿಸುತ್ತಾ ಬಹಳ ಹೊತ್ತು ಯೋಚಿಸಿದರು. ಆಮೇಲೆ ನಮ್ಮಮ್ಮನ ಮನೆಗೇ ಬಂದು ಕಿಟಕಿಗೆ ಬೆನ್ನು ಮಾಡಿ ಕೂತರು. ನಡುವೆ ಕನ್ನಡ ಬಂದರೆ ಯಾರ ಪೈಕಿ ಎಂದು ಗೊತ್ತಾದೀತೆಂದು ಪೂರಾ ತಮಿಳಿನಲ್ಲಿ ಮಾತಾಡಿದರು. ಮೊದಲಾಳಿಯ, ಅಂದರೆ ಮಾವನ, ಮನೆಯ ಹಿತ್ತಲಲ್ಲಿ ಗುಜರಿಯವನು ಹಳೆಯ ಮಗ್ಗವೊಂದರ ಕಬ್ಬಿಣ ತಟ್ಟಿ ನೋಡುತ್ತಿದ್ದುದನ್ನು ತಾವೇ ಕಂಡದ್ದು, ಹಬ್ಬದ ಮಾರನೆಯ ದಿನಕ್ಕೆ ಲಾರಿ ಗೊತ್ತಾದದ್ದು, ಎಲ್ಲ ಹೇಳಿದರು.

‘ನಿಮಗೆ ಹೆದರಿಕೆ ಇಲ್ಲವೇ?’ ಎಂದು ಪತ್ರಕರ್ತೆ ಮೂರನೆಯ ಸಲ ಕೇಳಿದಾಗ ಅಕ್ಕ ನನ್ನ ಕಡೆ ತಿರುಗಿ ಕನ್ನಡಕ್ಕೆ ಜಾರಿದರು. ‘ಇದೆ ಕಣ್ಣು. ನನ್ನಿಂದ ಹೋಯ್ತು ಅಂತ ಗೊತ್ತಾದ್ರೆ ಆ ದಿನಾನೇ ಕೋಣೆ ಬಿಡು ಅಂತಾರೆ. ಈ ಮನುಷ್ಯನ್ನ ಮಂಡಿ ಕಟ್ಕೊಂಡು ಎಲ್ಲಿಗೆ ಹೋಗ್ಲಿ? ಆದ್ರೆ ಅಲ್ಲಿ ನನ್ನಂಗೆ ಏಳೆಂಟು ಮನೆ ಇದಾವೆ. ಮುಂಚೇನೇ ತಿಳಿದ್ರೆ ಬೇರೆ ಕಡೆ ವೇಲೆ-ಕೆಲಸ ಹುಡುಕ್ತಾರೆ. ನಾನು ಎದುರಿಗೆ ನಿಂತು ಹೇಳಾಕಾಗಲ್ಲ. ಟೀವೀಲಿ ಬಂದ್ರೆ ಬರ್ಲಿ.’

ಆ ಕನ್ನಡದ ತುಣುಕನ್ನು ಕತ್ತರಿಸಬೇಕೆಂದು ನಾನು, ಕತ್ತರಿಸುತ್ತೇನೆಂದು ಪತ್ರಕರ್ತೆ, ಅಲ್ಲೇ ಒಪ್ಪಂದವಾಯಿತು. ಕೆಲಸ ಮುಗಿಯಿತೆಂದು ನಾನು ಅವತ್ತು ನೆಮ್ಮದಿಯಿಂದ ಮಲಗಿದೆ.

ಮಾರನೆಯ ದಿನ ಕೊಯಮತ್ತೂರಿನ ಅವರ ಹೋಟೆಲ್ ಕೋಣೆಗೆ ಭಾಷಾಂತರ ತಾಳೆ ನೋಡಲು ಹೋದೆ. ಲ್ಯಾಪ್‌ಟಾಪಿನಲ್ಲಿ ಚಿತ್ರದ ಆರಂಭ ಜೋಡಿಸಿಟ್ಟಿದ್ದರು. ‘ಮೊದಲು ಇದನ್ನು ನೋಡು’ ಎಂದು ಹಬ್ಬದ ಉತ್ಸಾಹದಲ್ಲಿ ಪರದೆ ತಿರುಗಿಸಿದರು.

ಅಕ್ಕನ ಮುಖ. ಹಿಂದೆ ಮಗ್ಗದ ಸಾಲು, ಕಿಟಕಿಯ ಬೆಳಕಿನಲ್ಲಿ ತೇಲುವ ಹತ್ತಿಯ ಧೂಳು, ಕೂದಲಿಗೆ ಅಂಟಿದ ಬಿಳಿ ಎಳೆಗಳು. ಕಣ್ಣು ನೇರ ಪರದೆಯಿಂದ ನಮ್ಮ ಕಡೆ. ತುಟಿಗಳು ನಿಧಾನವಾಗಿ ಅಲುಗುತ್ತಿವೆ.

‘ಎಷ್ಟು ಚಂದ, ಅಲ್ಲವೇ? ಆ ಸದ್ದಿನ ನಡುವೆ ಆಕೆ ಹಾಡುತ್ತಿದ್ದಾಳೆ’ ಎಂದರು ಪತ್ರಕರ್ತೆ. ‘ಯಾವ ಹಾಡು ಅದು? ಕೇಳಿ ಹೇಳುತ್ತೀಯಾ? ಕೆಳಗೆ ಸಾಲು ಹಾಕುತ್ತೇನೆ.’

ಅಕ್ಕ ನನ್ನನ್ನು ನೋಡಿ ಹೇಳಿದಾಗ ಕ್ಯಾಮೆರಾ ನನ್ನ ಭುಜದ ಮೇಲಿನಿಂದ ಅವರನ್ನೇ ನೋಡುತ್ತಿತ್ತು. ಪುಸ್ತಕದಲ್ಲಿ ಅಚ್ಚು ಹಾಕಿದಷ್ಟು ಸ್ಪಷ್ಟವಾಗಿ ಗುಜರಿ ಎಂಬ ಮಾತು ಅಲ್ಲಿ ಇತ್ತು. ಕಿಟಕಿಗೆ ಬೆನ್ನು ಮಾಡಿ ಕೂರಿಸಿ, ಧ್ವನಿ ಬದಲಿಸಿ, ಕನ್ನಡ ಕತ್ತರಿಸಿ, ಇಷ್ಟೆಲ್ಲ ಮಾಡಿ ಕೊನೆಗೆ ಚಿತ್ರದ ತಲೆಬಾಗಿಲಿಗೇ ಆಕೆಯನ್ನು ತೋರಣ ಕಟ್ಟಿದ್ದೆವು. ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುತ್ತಾರೆ. ಇಲ್ಲಿ ಧ್ವನಿ ಕೂಡ ಬೇಕಾಗಿರಲಿಲ್ಲ.

ಹೇಳಿದರೆ ಒಂದು ಕಷ್ಟ, ಹೇಳದಿದ್ದರೆ ಇನ್ನೊಂದು. ಅಡಕತ್ತರಿಯ ನಡುವಿನ ಅಡಕೆಯಾಗಿದ್ದೆ. ಹಾಡು ಎಂದು ಯಾವುದಾದರೂ ಸೋಬಾನೆಯ ಸಾಲು ಹೇಳಿಬಿಡಬಹುದಿತ್ತು, ಆದರೆ ಚಿತ್ರ ಹಾಗೆಯೇ ಹೊರಗೆ ಹೋಗುತ್ತದಲ್ಲ. ‘ಅದು ಹಾಡಲ್ಲ’ ಎಂದೆ. ಅಕ್ಕ ಆಡಿದ್ದನ್ನು ಮಾತು ಮಾತಿಗೂ ಭಾಷಾಂತರಿಸಿದೆ.

ಪತ್ರಕರ್ತೆ ಆ ತುಣುಕನ್ನು ಮತ್ತೆ ನೋಡಿದರು. ಮತ್ತೆ ನೋಡಿದರು. ಆಮೇಲೆ ನಾನು ಹೆದರಿದ್ದೇ ಆಯಿತು, ಅವರ ಮುಖ ಅರಳಿತು. ‘ಹಾಗಾದರೆ ಇದೇ ನಮ್ಮ ಚಿತ್ರ! ಮೊದಲು ಬರೀ ಮುಖ. ಕೊನೆಯಲ್ಲಿ ಇದೇ ಮುಖ, ಕೆಳಗೆ ಆಕೆಯ ಮಾತು.’

‘ಆಕೆಯ ಕೋಣೆಯ ಗತಿ?’

‘ಸರಿ, ಮಾತು ಹಾಕುವುದಿಲ್ಲ. ಬರೀ ಮುಖ ಇರಲಿ. ನಮ್ಮ ದೇಶದಲ್ಲಿ ಯಾರಿಗೆ ಗೊತ್ತಾಗುತ್ತದೆ?’

ನನಗೆ ರೇಗಿತು. ‘ನಿಮ್ಮ ದೇಶದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ನಮ್ಮ ಮಾವನಿಗೆ ಗೊತ್ತಾಗುತ್ತದೆ. ಮಾವನ ಹೆಂಡತಿಗೆ ಗೊತ್ತಾಗುತ್ತದೆ. ಕರುಮತ್ತಂಪಟ್ಟಿಯ ಸಲೂನಿನಲ್ಲಿ ಫೋನ್ ನೋಡುತ್ತಾ ಕೂತ ಯಾವನಿಗಾದರೂ ಗೊತ್ತಾಗುತ್ತದೆ. ನಿಮ್ಮ ಚಿತ್ರ ನಿಮ್ಮ ದೇಶದಲ್ಲೇ ಉಳಿಯುತ್ತದೆಯೇ? ಹಾಕಿದ ಗಳಿಗೆಯಲ್ಲಿ ನಮ್ಮೂರ ವಾಟ್ಸಾಪ್ ಗುಂಪಿನಲ್ಲಿರುತ್ತದೆ. ಗೋಡೆಗೆ ಕಿವಿಯಿರುತ್ತದೆ ಎನ್ನುತ್ತಾರೆ, ನಮ್ಮೂರಿನ ಗೋಡೆಗೆ ಕಣ್ಣು.’

‘ಆಕೆ ಕ್ಯಾಮೆರಾ ಮುಂದೆ ಆಡಿದಳು.’

‘ನನ್ನ ಮುಂದೆ ಆಡಿದಳು. ನೀವು ನನ್ನ ಹಿಂದೆ ಇದ್ದಿರಿ.’

ಹೀಗೆ ಜಗಳ ನಡೆಯಿತು. ಅವರು ಕೆಟ್ಟವರಲ್ಲ. ಅಷ್ಟು ಒಳ್ಳೆಯ ಚಿತ್ರ ಸಿಕ್ಕಿದಾಗ ಬಿಡಲು ಯಾವ ಪತ್ರಕರ್ತರಿಗೂ ಕೈ ಬರುವುದಿಲ್ಲ, ನನಗಾದರೂ ಬರುತ್ತಿತ್ತೋ ಇಲ್ಲವೋ. ಕೊನೆಗೆ ಅವರೇ ಕುರ್ಚಿ ಹಿಂದಕ್ಕೆ ತಳ್ಳಿ, ‘ಸರಿ, ನೀನೂ ನಿರ್ಧರಿಸುವುದು ಬೇಡ, ನಾನೂ ಬೇಡ. ಆಕೆಗೇ ತೋರಿಸೋಣ’ ಎಂದರು. ಅದರ ಜೊತೆಗೆ ಇನ್ನೊಂದು ಮಾತು ಹೇಳಿದರು: ಮಗ್ಗ ಮಾರುತ್ತಾರೆಂದು ಚಿತ್ರದಲ್ಲಿ ಹೇಳಿಸಿದ ಮೇಲೆ ಮಾಲೀಕರನ್ನೂ ಕೇಳಲೇಬೇಕು. ಕೇಳದೆ ಹಾಕುವುದು ಅವರ ವೃತ್ತಿಯಲ್ಲಿ ಅಪರಾಧ. ಗುಜರಿಯವನಿಂದ ತಿಳಿಯಿತೆಂದು ಹೇಳೋಣ ಎಂದೆ. ‘ಸುಳ್ಳು ಹೇಳುವುದಿಲ್ಲ. ಯಾರಿಂದ ಎಂದೂ ಹೇಳುವುದಿಲ್ಲ. ಇದೆಯೇ ಇಲ್ಲವೇ ಎಂದಷ್ಟೇ ಕೇಳುತ್ತೇನೆ’ ಎಂದರು.

ಹೊರಡುವ ಮೊದಲು ನನ್ನನ್ನು ಕೂರಿಸಿ ಶೆಡ್ಡಿನಲ್ಲಿ ತೆಗೆದ ಚಿತ್ರವನ್ನೆಲ್ಲ ತುಟಿ ತುಟಿಯಾಗಿ ಓದಿಸಿದರು. ಇನ್ನೆಲ್ಲಿ ಏನು ಅಡಗಿದೆಯೋ ಎಂಬ ಭಯ ಇಬ್ಬರಿಗೂ. ಒಬ್ಬ, ‘ಟೀ ಯಾವಾಗ ಬರ್ತದೆ?’ ಎನ್ನುತ್ತಿದ್ದ. ಒಬ್ಬಳು, ‘ಈ ಹಾಳು ಹೊಕ್ಕು ಎಷ್ಟು ಸಲ ಕಡಿಯುತ್ತೆ’ ಎಂದು ಶಪಿಸುತ್ತಿದ್ದಳು. ಇನ್ನೊಬ್ಬಳು ಪತ್ರಕರ್ತೆಯ ಕಾಲು ತೋರಿಸಿ, ‘ಆ ಯಮ್ಮನ ಶೂ ನೋಡೇ, ದೋಣಿ ಇದ್ದಂಗಿದೆ’ ಎನ್ನುತ್ತಿದ್ದಳು. ಅದನ್ನೂ ಬಿಡದೆ ಭಾಷಾಂತರಿಸಿದೆ. ಅವರು ತಮ್ಮ ಶೂ ನೋಡಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಜಗಳದ ಬಿಗಿ ಅಲ್ಲಿಗೆ ಸಡಿಲವಾಯಿತು.

ಅಕ್ಕ ಅಮ್ಮನ ಮನೆಯ ಅಡುಗೆಕೋಣೆಯಲ್ಲಿ ನೆಲದ ಮೇಲೆ ಕೂತು ಆ ತುಣುಕನ್ನು ಲ್ಯಾಪ್‌ಟಾಪಿನಲ್ಲಿ ನೋಡಿದರು. ಬೆಚ್ಚಿಬೀಳುತ್ತಾರೆಂದು ನಾನು ಅವರ ಕೈ ಹಿಡಿದುಕೊಂಡಿದ್ದೆ. ಅವರು ಬೆಚ್ಚಲಿಲ್ಲ.

‘ನಾನ್ ಇಷ್ಟು ಚೆನ್ನಾಗಿದೀನಾ?’ ಎಂದರು.

ಇನ್ನೊಮ್ಮೆ ಹಾಕಲು ಹೇಳಿದರು. ಪರದೆಯ ಹತ್ತಿರಕ್ಕೆ ಸರಿದು, ಮುಖವನ್ನು ಬಿಟ್ಟು ಹಿಂದಿನ ಮಗ್ಗವನ್ನು ಬೆರಳಿನಿಂದ ಮುಟ್ಟಿದರು. ‘ಮದ್ವೆ ಆಗಿ ಬಂದ ವರ್ಷದಿಂದ ಈ ತರೀನೇ. ಇದರ ಮುಂದೆ ನಿಂತು ಒಂದು ಫೋಟೋ ತೆಗೆಸ್ಕೊಂಡಿಲ್ಲ. ಗುಜರಿಗೆ ಹೋದ್ರೆ ಯಾರು ನಂಬ್ತಾರೆ ನಾನು ನೇಯ್ದಿದ್ದು ಅಂತ?’ ಆಮೇಲೆ ತುಟಿಯ ಕಡೆ ನೋಡಿ, ತಾವೇ ಆಡಿದ್ದನ್ನು ಓದಿ, ಸೆರಗು ಬಾಯಿಗೆ ಒತ್ತಿಕೊಂಡರು. ‘ಅಯ್ಯೋ ಶಿವನೇ! ಇದು ಹೋದ್ರೆ ನಾನು ಹೋದೆ.’

ಬೇಕು, ಬೇಡ. ಎರಡೂ ಅವರ ಮುಖದಲ್ಲಿ ಒಟ್ಟಿಗೆ ಇದ್ದವು. ಇಲ್ಲಿ ಬಾಯಿ ಹಾಕಲು ನನಗೆ ಹಕ್ಕಿರಲಿಲ್ಲ. ಪತ್ರಕರ್ತೆ ಕೂಡ, ದೇವರು ದೊಡ್ಡವನು, ಒಂದೇ ಒಂದು ಪ್ರಶ್ನೆ ಕೇಳದೆ ಅಕ್ಕಿ ಡಬ್ಬಿಗೆ ಒರಗಿ ಕೂತಿದ್ದರು.

‘ಮುಖ ತೆಗೀರಿ’ ಎಂದರು ಅಕ್ಕ ಕೊನೆಗೆ. ‘ಕೈ ಮಾತ್ರ ಇರ್ಲಿ, ನೂಲು ಗಂಟು ಹಾಕ್ತಿರೋದು. ಅದು ನನ್ನ ಕೈ ಅಂತ ನಂಗೆ ಗೊತ್ತಾಗ್ತದೆ, ಸಾಕು.’

ಪತ್ರಕರ್ತೆ ಅಲ್ಲೇ, ಅಕ್ಕನ ಕಣ್ಣೆದುರೇ, ಮುಖ ತೆಗೆದು ಕೈ ಇಟ್ಟರು. ತುಂಡಾದ ನೂಲು, ಎರಡು ಬೆರಳು, ಒಂದು ಗಂಟು. ಅವರಿಗೆ ಆ ಮುಖ ಬಿಡಲು ಮನಸ್ಸಿರಲಿಲ್ಲ, ಅದು ಕಾಣುತ್ತಿತ್ತು, ಆದರೂ ಅಕ್ಕನ ಕೈ ಹಿಡಿದು ಕುಲುಕಿದರು.

ಉಳಿದದ್ದು ಮಾವನನ್ನು ಕೇಳುವ ಕೆಲಸ. ಎರಡು ದಿನ ಬಿಟ್ಟು ಶೆಡ್ಡಿಗೆ ಹೋದಾಗ ಮಗ್ಗಗಳೆಲ್ಲ ನಿಂತಿದ್ದವು. ನಾವು ಬರುತ್ತೇವೆಂದು ಮುಂಚೆ ಹೇಳ‌ದಿದ್ದುದರಿಂದ ಈ ಸಲ ಹೂವಿಲ್ಲ, ಸದ್ದಿಲ್ಲ. ಆ ಮೌನದಲ್ಲಿ ನಮ್ಮ ಹೆಜ್ಜೆಯೇ ಜೋರಾಗಿ ಕೇಳುತ್ತಿತ್ತು. ಮಾವ ಒಬ್ಬರೇ ಎಣ್ಣೆ ಡಬ್ಬಿ ಹಿಡಿದು, ಓಡದ ಮಗ್ಗಗಳ ಕೀಲಿಗೆ ಎಣ್ಣೆ ಬಿಡುತ್ತಿದ್ದರು. ಪತ್ರಕರ್ತೆ ಕೇಳಿದ ಪ್ರಶ್ನೆಯನ್ನು ನಾನು ತಮಿಳಿನಲ್ಲಿ ಕೇಳಿದೆ. ಮಗ್ಗಗಳನ್ನು ಮಾರುವ ಯೋಚನೆ ಇದೆಯೇ?

ಮಾವ ನನ್ನ ಮುಖ ನೋಡಿದರು. ಕ್ಯಾಮೆರಾ ನೋಡಿದರು. ‘ಇಲ್ಲೀಂಗ. ಅಂಥ ಯೋಚನೆ ಇಲ್ಲ’ ಎಂದರು.

ಎರಡನೆಯ ಸಲವೂ ಇಲ್ಲ ಎಂದರು. ಮೂರನೆಯ ಸಲವೂ ಅದನ್ನೇ ಅಂದರು. ನೂಲು ಕೊಡುವ ವ್ಯಾಪಾರಿ ನೋಡುತ್ತಾನೆ, ಬೀಗರು ನೋಡುತ್ತಾರೆ, ಊರು ನೋಡುತ್ತದೆ. ಕ್ಯಾಮೆರಾ ಮುಂದೆ ಮಾನ ಬಿಚ್ಚಿಡಲು ಯಾರಿಗೆ ತಾನೇ ಬಾಯಿ ಬರುತ್ತದೆ? ಮಾವ ಎಣ್ಣೆ ಕೈ ಒರೆಸಿಕೊಂಡು, ‘ಅದನ್ನ ನಿಲ್ಸಕ್ಕೆ ಹೇಳು ಅಮ್ಮಿಣಿ’ ಎಂದರು.

ಪತ್ರಕರ್ತೆ ಕ್ಯಾಮೆರಾ ಇಳಿಸಿ ಮುಚ್ಚಳ ಹಾಕಿದರು. ಮಾವ ಹೋಗಿ ಅಕ್ಕನ ಮಗ್ಗದ ಹಿಡಿ ಎಳೆದರು. ಅಷ್ಟು ದೊಡ್ಡ ಖಾಲಿ ಶೆಡ್ಡಿನಲ್ಲಿ ಆ ಒಂದೇ ಮಗ್ಗ ಟಕಟಕನೆ ಎದ್ದಿತು. ಕಿವಿ ತುಂಬುವಷ್ಟು ಸದ್ದಾದ ಮೇಲೆ ಅವರು ನನ್ನ ಕಡೆ ತಿರುಗಿ ತುಟಿಯಾಡಿಸಿದರು.

‘ಹಬ್ಬ ಆದ್ಮೇಲೆ ಕೊಡ್ತೀನಿ. ಎಲ್ಲಾನೂ.’

‘ಕೆಲಸದೋರಿಗೆ ಹೇಳೋದಿಲ್ವಾ?’ ಎಂದು ನನ್ನ ತುಟಿಯೂ ತಾನಾಗಿ ಆಡಿತು.

‘ಹೇಳಕ್ಕೆ ಬಾಯಿ ಬರ್ಲಿಲ್ಲ. ಅವಳೇ ಹೇಳಿದ್ಳಲ್ಲ. ಅವತ್ತೇ ನೋಡ್ದೆ, ಗಾಜಲ್ಲಿ.’

ನಾನು ತಿರುಗಿ ನೋಡಿದೆ. ಮಾವನ ಕೋಣೆಯ ಗಾಜಿನಲ್ಲಿ ಇಡೀ ಶೆಡ್ಡು ಕಾಣುತ್ತಿತ್ತು. ಬೆನ್ನು ಹಾಕಿ ಲೋಟ ಜೋಡಿಸುತ್ತಾ ಅವರು ಎಲ್ಲವನ್ನೂ ಓದಿದ್ದರು. ಓದಿಯೂ ನಮಗೆ ಟೀ ತಂದುಕೊಟ್ಟಿದ್ದರು.

‘ಕೋಣೆ ಬಿಡಿಸಲ್ಲ ಅಂತ ಅವಳಿಗೆ ಹೇಳು. ಅವತ್ತಿಂದ ನನ್ನ ಮುಖ ನೋಡ್ತಿಲ್ಲ ಪಾಪ. ಎಲ್ಲಾರ್ನೂ ಕರೆದು ನಾಳೆ ನಾನೇ ಹೇಳ್ತೀನಿ.’ ಅಲ್ಲಿಗೆ ನಿಲ್ಲಿಸಿ, ಓಡುವ ಮಗ್ಗದ ಮರದ ಮೇಲೆ ಕೈಯಿಟ್ಟರು. ‘ನಮ್ಮಪ್ಪ ಹಾಕಿದ ತರಿ, ಅಮ್ಮಿಣಿ. ಒಂದು ಸಲ ಪೂಜೆ ಮಾಡಿ...’ ಆಮೇಲೆ ಅವರ ತುಟಿ ನಡುಗಿತು. ಮುಂದಿನದನ್ನು ನಾನು ಓದಲಾರದೆ ಹೋದೆ.

ಪತ್ರಕರ್ತೆ ನನ್ನ ತೋಳು ಹಿಡಿದು ಕಿವಿಯಲ್ಲಿ ಕೂಗಿದರು. ‘ಏನು ಹೇಳುತ್ತಿದ್ದಾರೆ?’

ನಾನು ಮಾವನ ಮುಖದಿಂದ ಕಣ್ಣು ತೆಗೆಯಲಿಲ್ಲ. ‘ಹಾಡುತ್ತಿದ್ದಾರೆ’ ಎಂದೆ.

ಅವರು ಮಾವನನ್ನು ನೋಡಿದರು, ನನ್ನನ್ನು ನೋಡಿದರು. ಎಲ್ಲವನ್ನೂ ಮೂರು ಸಲ ಕೇಳುವ ಆ ಹೆಂಗಸು ಎರಡನೆಯ ಸಲ ಕೇಳಲಿಲ್ಲ.